ಮೂರನೆಯ ಅಧ್ಯಾಯದ ಕಾಲು

ಕಿಟಕಿಯಿಂದ ಇಳಿದ ಎಳೆಬಿಸಿಲಿನ ಚೌಕದೊಳಗೆ, ಜೋಗುಳಗಳನ್ನು ಕುರಿತ ನೀಲಿ ರಟ್ಟಿನ ಪ್ರಬಂಧವೊಂದು ನಾಲ್ಕು ಕಾಲುಗಳನ್ನೂ ಹೊಟ್ಟೆಯಡಿ ಮಡಚಿಕೊಂಡು ಮಲಗಿತ್ತು. ಉಸಿರಾಡಿದಾಗಲೆಲ್ಲ ಪುಟಗಳ ಅಂಚು ಮೆಲ್ಲಗೆ ಏರಿ ಇಳಿಯುತ್ತಿತ್ತು.

ಅದನ್ನು ಐದು ವರ್ಷ ಸಾಕಿದ ಚಂಪಾವತಿ ಅದರ ಮುಂದೆ ಕಾದು ಕುಳಿತಿದ್ದಳು. ಇಂದು ಗುಣಮಟ್ಟ ಸಮಿತಿಯ ಕೊನೆಯ ತಪಾಸಣೆ. ಪ್ರಬಂಧ ತಾನಾಗಿಯೇ ನಡೆದು ಬಾಗಿಲು ದಾಟಿದರಷ್ಟೇ ಡಾಕ್ಟರೇಟು.

ಪ್ರಬಂಧ ಎದ್ದಿತು, ತುಸು ಕುಂಟಿತು, ಕುಳಿತುಬಿಟ್ಟಿತು.

“ಮೂರನೇ ಅಧ್ಯಾಯದ ಕಾಲು,” ಎಂದರು ಸಮಿತಿಯ ಮುಧೋಳ ಮೇಡಂ, ಮೃದುವಾಗಿ ಒತ್ತಿ ನೋಡುತ್ತ. “ಇಲ್ಲಿ ಯಾರದೋ ಮಾತು ತುರುಕೀಯೇನವ್ವಾ?”

ಚಂಪಾವತಿ ತಲೆ ತಗ್ಗಿಸಿದಳು. ಆ ಪುಟ ಪಕ್ಕದಲ್ಲೇ ಕುಳಿತಿದ್ದ ಮಾರ್ಗದರ್ಶಕ ಹಿರೇಗೌಡರ್ ಅವರದು. “ತಗದ್ರ ಸರ್ ಬ್ಯಾಸರ ಮಾಡ್ಕೋತಾರಂತ ಹಂಗ ಇಟ್ಟೆ.”

ಹಿರೇಗೌಡರ್ ನಕ್ಕರು. “ಹರದು ಒಗಿಯವ್ವಾ. ಅದು ನಂದೂ ಅಲ್ಲ, ನಮ್ಮ ಗುರುಗಳ ಮಾತು. ನನ್ನ ಪ್ರಬಂಧಾನೂ ಅದ ಪುಟದಿಂದ ಇವತ್ತಿಗೂ ಮನ್ಯಾಗ ಕುಂಟತೈತಿ. ಆಗ ಈ ಸಮಿತಿ ಇರಲಿಲ್ಲ, ಹೊತ್ಕೊಂಡ ದಾಟಿಸಿದ್ದೆ.”

ಅವಳು ಪುಟ ಕಿತ್ತು, ಜೋಗುಳ ಹಾಡುವ ತಾಯಿಯೇ ಮೊದಲು ತೂಕಡಿಸುತ್ತಾಳೆಂದು ತಾನು ಕಂಡದ್ದನ್ನು ಹೊಸ ಹಾಳೆಯಲ್ಲಿ ಬರೆದು ಆ ಜಾಗಕ್ಕೆ ಸೇರಿಸಿದಳು.

ಪ್ರಬಂಧ ಮೈಕೊಡವಿ ನೆಟ್ಟಗೆ ನಡೆಯಿತು. ಚಂಪಾವತಿ ಬೀಳ್ಕೊಡಲು ಕೈಯೆತ್ತಿದಳು. ಅದು ತಿರುಗಿಯೂ ನೋಡಲಿಲ್ಲ. ಬಾಗಿಲು ಅದರ ಹಿಂದೆ ಮೆತ್ತಗೆ ಮುಚ್ಚಿಕೊಂಡಿತು.