ಕಲೆಯಿಲ್ಲದ ಅಂಗೈ

"ಗೈರುಹಾಜರಿಗೆ ಕಾರಣ, ಕಾಫಿ ಕೊಯ್ಲು. ಬರೆದಿದೀನಿ, ಸಹಿ ಹಾಕು," ಎಂದು ಪ್ರೇಮಕುಮಾರಿ ಟೀಚರ್ ತರಗತಿಯ ಮೇಜಿನ ಮೇಲಿದ್ದ ಹಾಜರಿ ಪುಸ್ತಕವನ್ನು ಮುತ್ತಮ್ಮನ ಮುಂದೆ ತಳ್ಳಿದರು. "ಎಸ್ಟೇಟ್ ಕೂಲಿ ಲೈನಿನವ್ರೇ ಹಿಂಗೆ. ಹಣ್ಣಾದ ಕೂಡ್ಲೇ ಮಕ್ಳನ್ನ ತೋಟಕ್ಕೆ ಎಳ್ಕೊಂಡು ಹೋಗ್ತೀರ."

ಮಗಳು ಧನ್ಯಶ್ರೀ ಹದಿನೆಂಟು ದಿನದಿಂದ ಶಾಲೆಗೆ ಬಂದಿಲ್ಲವೆಂದು ಮುತ್ತಮ್ಮನಿಗೆ ಗೊತ್ತಾದದ್ದೇ ಈಗ. ದಿನಾ ತಲೆ ಬಾಚಿ, ಬ್ಯಾಗು ಹಾಕಿ ಕಳಿಸಿದವಳು ತಾನೇ. ಅವಳು ಪಕ್ಕದಲ್ಲಿ ನಿಂತಿದ್ದ ಮಗಳ ಕೈ ಹಿಡಿದೆಳೆದು ತನ್ನ ಕೈಯ ಪಕ್ಕದಲ್ಲಿಟ್ಟಳು. ಹಣ್ಣಿನ ರಸ ಹತ್ತಿ ತಾಯಿಯ ಬೆರಳುಗಳು ಕಪ್ಪಗಾಗಿದ್ದವು. ಮಗಳ ಅಂಗೈಯಲ್ಲಿ ಒಂದು ಕಲೆಯೂ ಇರಲಿಲ್ಲ.

"ಕೊಯ್ಯೋರ ಕೈ ಹಿಂಗಿರ್ತದೆ ಟೀಚರ್, ಎಷ್ಟು ತಿಕ್ಕಿದ್ರೂ ಹೋಗಲ್ಲ. ಇವಳ ಕೈ ನೋಡಿ." ಆಮೇಲೆ ಮಗಳತ್ತ ತಿರುಗಿದಳು. "ಎಲ್ಲಿಗೆ ಹೋಗ್ತಿದ್ದೆ?"

"ಬಸ್ ಸ್ಟ್ಯಾಂಡಲ್ಲಿ ಕೂತಿರ್ತಿದ್ದೆ."

"ಯಾಕೆ?"

ಹುಡುಗಿ ಬಾಗಿಲಿನತ್ತ ಕೈ ತೋರಿಸಿದಳು. ಎಲ್ಲರೂ ಚಪ್ಪಲಿ ಬಿಡುವ ಜಾಗದಲ್ಲಿ ಒಂದು ಗೋಣಿಚೀಲ ಹಾಸಿತ್ತು. ಲೈನಿನ ಇಬ್ಬರು ಮಕ್ಕಳು ಅದರ ಮೇಲೆ ಕೂತಿದ್ದರು. ಉಳಿದವರೆಲ್ಲ ಬೆಂಚಿನ ಮೇಲಿದ್ದರು.

"ನಾನೇನು ಮಾಡ್ಲಿ?" ಟೀಚರ ದನಿ ಇಳಿಯಿತು. "ನಿಮ್ಮ ಜಾತಿಯವ್ರನ್ನ ಪಕ್ಕದಲ್ಲಿ ಕೂರಿಸಿದ್ರೆ ಬೇರೆ ಮಕ್ಳ ಮನೆಯವ್ರು ಗಲಾಟೆ ಮಾಡ್ತಾರೆ."

ಮುತ್ತಮ್ಮ ಆ ಇಬ್ಬರನ್ನೂ ಎಬ್ಬಿಸಿ ಖಾಲಿಯಿದ್ದ ಬೆಂಚಿನ ಮೇಲೆ ಕೂರಿಸಿದಳು. ಗೋಣಿಚೀಲವನ್ನು ದರದರ ಎಳೆದುತಂದು ಟೀಚರ ಕಾಲ ಬಳಿ ನೆಲಕ್ಕೆ ಹಾಸಿದಳು. ಹಾಜರಿ ಪುಸ್ತಕವನ್ನು ಅದರ ಮೇಲಿಟ್ಟಳು.

"ಕಾರಣ ಬರೀಬೇಕಲ್ಲ ಟೀಚರ್? ಇದರ ಮೇಲೆ ಕೂತ್ಕೊಂಡು ಬರೀರಿ."