ಎಣಿಸಬಹುದು, ಮುಟ್ಟಬಾರದು

ನಾತ ಬರುತ್ತಿದ್ದದ್ದು ಬಾಗಿಲಿನ ಪಕ್ಕದ ಹೊದಿಕೆಯ ಕೆಳಗಿನಿಂದ. ಭದ್ರತಾಧಿಕಾರಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಬಗ್ಗಿದಳು.

“ಇಲಿ ಸತ್ತಿರಬೇಕು, ಬಿಡಿ ಮೇಡಂ,” ಎಂದ ಉಗ್ರಾಣದ ಮುಖ್ಯಸ್ಥ, ಕಾರಿನ ಕೀಲಿಯಿಂದ ಕಿವಿ ಕೆರೆದುಕೊಳ್ಳುತ್ತ. “ಎತ್ತೋದೇನೂ ಬೇಡ. ಸ್ವಲ್ಪ ಸೆಂಟು ಹೊಡೆಸ್ತೀನಿ.”

“ನಾಳೆ ಪರಿಶೀಲಕರು ಬರ್ತಾರೆ. ಕ್ಷಿಪಣಿ ಶೆಡ್ಡು ಹೀಗೆ ನಾರ್ತಾ ಇದ್ರೆ, ವಿಷಾನಿಲ ಬಚ್ಚಿಟ್ಟಿದ್ದಾರೆ ಅಂತ ಬರೀತಾರೆ.”

ಒಪ್ಪಂದ ಸರಳವಾಗಿತ್ತು. ಗಡಿಯ ಈಚೆಯವರು ಆಚೆಗೆ, ಆಚೆಯವರು ಈಚೆಗೆ ವರ್ಷಕ್ಕೊಮ್ಮೆ ಹೋಗಿ ಕ್ಷಿಪಣಿಗಳನ್ನು ಎಣಿಸಬೇಕು. ಒಪ್ಪಿದ್ದಕ್ಕಿಂತ ಒಂದೂ ಹೆಚ್ಚಿರಬಾರದು. ಆದರೆ ಅವುಗಳ ರಚನೆ ದೇಶದ ಗುಟ್ಟು, ಹಾಗಾಗಿ ಮೈತುಂಬ ದಪ್ಪ ಹೊದಿಕೆ. ಬಂದವರು ಎಣಿಸಬಹುದು, ಮುಟ್ಟಬಾರದು. ಹೊದಿಕೆ ಎಲ್ಲಾದರೂ ಹರಿದಿದೆಯೇ, ಗೋಡೆಯ ಮೇಲೆ ನಕ್ಷೆ ಉಳಿದಿದೆಯೇ, ಕಂಪ್ಯೂಟರಿನ ಪರದೆ ಯಾವ ಕಡೆ ತಿರುಗಿದೆ ಎಂದು ನೋಡಲು ಕೇಂದ್ರ ಕಚೇರಿ ಅವಳನ್ನು ಕಳಿಸಿತ್ತು.

ಅವಳು ಹಗ್ಗ ಸಡಿಲಿಸಿ ಹೊದಿಕೆ ಎತ್ತಿದಳು. ಇಲಿ ಇತ್ತು. ಕ್ಷಿಪಣಿ ಇರಲಿಲ್ಲ.

ಪ್ಲೈವುಡ್ಡನ್ನು ದುಂಡಗೆ ಕೊಯ್ದು ಮೊಳೆ ಹೊಡೆದು ನಿಲ್ಲಿಸಿದ ಚೌಕಟ್ಟು, ಅಷ್ಟೇ. ಒಳಗೆ ಇಲಿಗಳು ಸಂಸಾರ ಹೂಡಿದ್ದವು. ಪಕ್ಕದ ಹೊದಿಕೆ ಎತ್ತಿದಳು, ಅದೇ. ಅದರಾಚೆಯದೂ ಅದೇ.

“ಕ್ಷಿಪಣಿ ಎಲ್ಲಿ?”

“ಬರ್ತವೆ ಮೇಡಂ. ಕಾರ್ಖಾನೆಯವರು ಇವತ್ತು ನಾಳೆ ಅಂತ ಮೂಗಿಗೆ ತುಪ್ಪ ಸವರ್ತಾನೇ ಇದ್ದಾರೆ. ಬಂದಿವೆ ಅಂತ ಮಂತ್ರಿಗಳು ಭಾಷಣ ಬೇರೆ ಮಾಡಿಬಿಟ್ರು. ನಾನೇನ್ ಮಾಡ್ಲಿ? ಎಷ್ಟಿರಬೇಕೋ ಅಷ್ಟು ಹೊದಿಕೆ ಇದೆ, ನೋಡಿ.” ಕೀಲಿಯ ತುದಿಗೆ ಅಂಟಿದ್ದನ್ನು ಪರೀಕ್ಷಿಸಿ, ಹೊದಿಕೆಗೇ ಒರೆಸಿದ.

ಅವಳಿಗೆ ಇವನಿಗಿಂತ ಆ ಸತ್ತ ಇಲಿಯೇ ವಾಸಿ ಎನಿಸಿತು.

ಅವಳ ತಮ್ಮ ಗಡಿಯಲ್ಲಿದ್ದ. ಕಳುಹಿಸಿದವಳು ಒಂದು ರೀತಿಯಲ್ಲಿ ಅವಳೇ. ಹೋದ ವರ್ಷ ಆಚೆಯವರ ಉಗ್ರಾಣಕ್ಕೆ ಎಣಿಸಲು ಹೋಗಿದ್ದಳು. ತಲೆಯ ಮೇಲಿನ ಟೋಪಿ ಹಾರಿಹೋಗುವಂಥ ಗಾಳಿಯಿದ್ದ ದಿನ. ಆದರೂ ಸಾಲಾಗಿ ಮಲಗಿದ್ದ ಆ ಹೊದಿಕೆಗಳು ಗೂಟ ಹೊಡೆದಂತೆ ಅಲುಗದೆ ಇದ್ದವು. ನೋಡಿ ಅವಳ ಎದೆ ಝಲ್ಲೆಂದಿತ್ತು. ‘ಉಗ್ರಾಣ ಭರ್ತಿಯಾಗಿದೆ’ ಎಂದು ವರದಿ ಕೊಟ್ಟಳು. ವರದಿ ತಲುಪಿದ್ದೇ ತಡ, ಗಡಿಗೆ ಇನ್ನಷ್ಟು ಪಡೆ ಹೋಯಿತು. ಅದರಲ್ಲಿ ತಮ್ಮನೂ ಇದ್ದ.

“ನೀನ್ಯಾಕೆ ಚಿಂತೆ ಮಾಡ್ತೀಯ ಅಕ್ಕಾ?” ಎಂದು ಅಂದು ಬೆಳಿಗ್ಗೆಯಷ್ಟೇ ಫೋನಿನಲ್ಲಿ ನಕ್ಕಿದ್ದ. “ನಮ್ಮ ಬೆನ್ನ ಹಿಂದೆ ನಿಮ್ಮ ಶೆಡ್ಡಿದೆಯಲ್ಲ!”

ಅವನ ಬೆನ್ನ ಹಿಂದೆ ಇಲಿಯ ಹೆಣವಿತ್ತು. ಆಚೆಯವರಿಗೆ ಇದರ ಸುಳಿವು ಸಿಕ್ಕರೆ ಗಡಿ ದಾಟಲು ಹಿಂದೆಮುಂದೆ ನೋಡುವುದಿಲ್ಲ. ಅವರಿಗೆ ಮೊದಲು ಸಿಗುವವನು ತಮ್ಮ.

ಹಾಗಾಗಿ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ತಾನೇ ಮಂಡಿಯೂರಿ ಇಲಿಯನ್ನು ತೆಗೆದು ಹಾಕಿದಳು. ತಾನೇ ಒಂದೊಂದು ಹೊದಿಕೆಯ ಹಗ್ಗವನ್ನೂ ಬಿಗಿದು ಗಂಟು ಹಾಕಿದಳು. ಆಮೇಲೆ ಎಷ್ಟು ಸೋಪು ಹಾಕಿ ತೊಳೆದರೂ ಕೈ ಶುದ್ಧವಾದಂತೆ ಅನಿಸಲಿಲ್ಲ.

ಮರುದಿನ ಬಂದ ತಂಡದ ಹಿರಿಯ ಅವಳಿಗೆ ಗೊತ್ತಿದ್ದವನೇ. ಹೋದ ವರ್ಷ ಆಚೆಯ ಉಗ್ರಾಣದಲ್ಲಿ ಅವಳ ನೆರಳಿನಂತೆ ಸುತ್ತಿ ಕಾವಲಿದ್ದವನು. ಕತ್ತು ಉದ್ದವೆಂದು ಇವಳ ತಂಡದವರು ಅವನಿಗೆ ಕೊಕ್ಕರೆ ಎಂದು ಹೆಸರಿಟ್ಟಿದ್ದರು. ಈಚೆಯ ಮಾತು ಅವನಿಗೆ ಚೆನ್ನಾಗಿ ಬರುತ್ತಿತ್ತು.

“ನಿಮ್ಮ ವರದಿ ನೋಡಿ ನಮ್ಮ ಮೇಲಿನವರಿಗೆ ಎಷ್ಟು ಖುಷಿ ಆಯ್ತು ಗೊತ್ತಾ ಮೇಡಂ?” ಎಂದ.

ನಮ್ಮನ್ನು ಹೆದರಿಸಿದ ಜಂಬ ಎಂದುಕೊಂಡು ಅವಳು ಹಲ್ಲು ಕಚ್ಚಿದಳು.

ಮುಖ್ಯಸ್ಥ ದೊಡ್ಡ ಬಾಗಿಲನ್ನು ಮುಚ್ಚಿಸಿದ್ದ. ಫ್ಯಾನುಗಳನ್ನೂ ನಿಲ್ಲಿಸಿದ್ದ. ಸೆಂಟು, ಇಲಿ, ಬೆವರು ಎಲ್ಲ ಕಲೆತು ಉಸಿರಾಡಲು ಅಸಹ್ಯವಾಗುತ್ತಿತ್ತು. ಕೊಕ್ಕರೆ ಸಾಲಿನುದ್ದಕ್ಕೂ ನಡೆದು ಎಣಿಸಿ ಮುಗಿಸಿದ. ಮುಖ್ಯಸ್ಥ ಹೊರಗಿನ ದಾರಿ ತೋರಿಸಿದ.

“ಬಾಗಿಲಿನ ಅಗಲ ಅಳೀಬೇಕು. ಪೂರ್ತಿ ತೆಗೆಸಿ,” ಎಂದ ಕೊಕ್ಕರೆ.

“ತುಕ್ಕು ಹಿಡಿದಿದೆ ಸಾರ್, ಸುಮ್ನೆ ಯಾಕೆ...”

“ಒಪ್ಪಂದದಲ್ಲಿದೆ.”

ಬಾಗಿಲು ತೆರೆಯಿತು. ಗಾಳಿ ನುಗ್ಗಿತು. ಹೊದಿಕೆಗಳು ಪಟಪಟ ಬಡಿದುಕೊಂಡವು. ಕೆಲವು ಹಸಿದ ಹೊಟ್ಟೆಯಂತೆ ಒಳಕ್ಕೆ ಕುಸಿದವು. ಬಾಗಿಲಿನ ಪಕ್ಕದ ಕ್ಷಿಪಣಿಯಂತೂ ಕಿರ್ರೆಂದು ನೆಲ ಗೀರುತ್ತ ಒಂದು ಮೊಳ ಹಿಂದಕ್ಕೆ ಸರಿಯಿತು.

ಕೊಕ್ಕರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹತ್ತಿರ ಹೋದ. ಕತ್ತು ಚಾಚಿ ನೆಲದ ಮೇಲಿನ ಹೊಸ ಗೀರನ್ನು ನೋಡಿದ. ನೋಡುತ್ತಲೇ ನಿಂತ. ಅವಳ ಕಣ್ಣ ಮುಂದೆ ತಮ್ಮನ ಮುಖವೊಂದೇ ಇತ್ತು.

“ಹೊಸ ಬಟ್ಟೆ ಸಾರ್, ಸ್ವಲ್ಪ ಸಡಿಲ,” ಎಂದು ಮುಖ್ಯಸ್ಥ ಹಲ್ಲುಕಿರಿದ.

“ಹೌದೌದು,” ಎಂದ ಕೊಕ್ಕರೆ. ಪೆನ್ನು ತೆಗೆದು, ‘ಲೆಕ್ಕ ಸರಿಯಿದೆ’ ಎಂದು ಬರೆದು ಸಹಿ ಹಾಕಿದ.

“ಎಂಥಾ ಪೆದ್ದ ನೋಡಿ!” ಮುಖ್ಯಸ್ಥ ಅವಳ ಕಿವಿಯ ಹತ್ತಿರ ಪಿಸುಗುಟ್ಟಿದ. ಅವನ ಬಿಸಿಯುಸಿರು ಅವಳ ಕೆನ್ನೆಗೆ ತಾಕಿತು. ಥೂ ಎನ್ನಬೇಕೆನಿಸಿದ್ದನ್ನು ನುಂಗಿಕೊಂಡು, ಅತಿಥಿಯನ್ನು ಬೀಳ್ಕೊಡಲು ಕಾರಿನವರೆಗೆ ನಡೆದಳು. ಪೆದ್ದನಲ್ಲ ಎಂದು ಅವಳಿಗೆ ಗೊತ್ತಿತ್ತು. ಆ ಗೀರನ್ನು ಅವನು ನೋಡಿದ ರೀತಿ ಅವಳು ಕಂಡಿದ್ದಳು.

“ಅಷ್ಟೇನಾ?” ಎಂದಳು.

ಕೊಕ್ಕರೆ ಅತ್ತಿತ್ತ ನೋಡಿದ. ಬೆಳಿಗ್ಗೆಯಿಂದ ಕನ್ನಡಿಯಲ್ಲಿ ತನ್ನ ಮುಖದ ಮೇಲೆ ನೋಡಲಾರದೆ ಅವಳು ತಪ್ಪಿಸಿಕೊಂಡಿದ್ದ ಆ ಹೇಸಿಗೆ ಅವನ ಮುಖದ ಮೇಲೂ ಇತ್ತು.

“ನನ್ನ ಮಗಳು ಗಡಿಯಲ್ಲಿದ್ದಾಳೆ ಮೇಡಂ. ನಿಮ್ಮವರ ಎದುರಿಗೇ.”

ಕಾರು ಹತ್ತಿ ಕೂತ. ಬಾಗಿಲು ಮುಚ್ಚಿಕೊಂಡು ಗಾಜು ಇಳಿಸಿದ.

“ಮುಂದಿನ ಸಲ ಒಳಗೆ ಮರಳಿನ ಚೀಲ ಇಡಿಸಿ,” ಎಂದ. “ನಮ್ಮಲ್ಲಿ ಅದನ್ನೇ ಇಡೋದು. ಎಂಥಾ ಗಾಳಿಗೂ ಅಲುಗಾಡಲ್ಲ.”