ತಪ್ಪು ಇಂಗ್ಲಿಷು

ಹೋಟೆಲಿನ ನೆಲಮಾಳಿಗೆಯಲ್ಲಿ, ಒಗೆದ ಹೊದಿಕೆಗಳನ್ನು ಪೇರಿಸಿಡುವ ಕೋಣೆಯಲ್ಲಿ, ಮೇಷ್ಟ್ರು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ 'ಲೀವ್' ಎಂದು ಬರೆದು ಕೆಳಗೆ ಗೆರೆ ಎಳೆದರು. ರೂಮು ಗುಡಿಸುವವರಿಗೂ ಬಟ್ಟೆ ಒಗೆಯುವವರಿಗೂ ಅತಿಥಿಗಳ ಜೊತೆ ನಾಲ್ಕು ಮಾತಾಡುವಷ್ಟು ಇಂಗ್ಲಿಷ್ ಕಲಿಸಲೆಂದು ಮ್ಯಾನೇಜರು ಅವರನ್ನು ಗೊತ್ತುಮಾಡಿದ್ದರು. ಕಲಿಕೆ ಎಲ್ಲಿಗೆ ಬಂತೆಂದು ನೋಡಲು ಆ ದಿನ ತಾವೇ ಬಂದು ಹಿಂದಿನ ಕುರ್ಚಿಯಲ್ಲಿ ಕೂತಿದ್ದರು.

"ಹೊರಡೋದಕ್ಕೂ ಇದೇ, ಇಟ್ಟು ಹೋಗೋದಕ್ಕೂ ಇದೇ, ರಜಕ್ಕೂ ಇದೇ," ಎಂದ ಮೇಷ್ಟ್ರು, ಒಬ್ಬೊಬ್ಬರಾಗಿ ಎದ್ದು ಒಂದೊಂದು ವಾಕ್ಯ ಮಾಡಲು ಹೇಳಿದರು. ಇಸ್ತ್ರಿ ಅಕ್ಕ ಎದ್ದು, ತನಗೆ ಗೊತ್ತಿರುವ ಲೀವು ಒಂದೇ, ಅದನ್ನು ಕೇಳಿದಾಗಲೆಲ್ಲ ಇಲ್ಲ ಅನ್ನುತ್ತಾರೆ ಎಂದಳು. ಎಲ್ಲರೂ ನಕ್ಕರು. ಮ್ಯಾನೇಜರೂ ನಕ್ಕರು.

ಮಾತಿನಮಲ್ಲಿ ನಗಲಿಲ್ಲ. ನಾಲ್ಕನೇ ಮಹಡಿಯ ರೂಮುಗಳನ್ನು ನೋಡಿಕೊಳ್ಳುತ್ತಿದ್ದ ಅವಳಿಗೆ ಆ ಹೆಸರಿಟ್ಟವರು ಜೊತೆಯವರೇ. ಅವಳ ಬಾಯಿಗೆ ಬೀಗ ಬಿದ್ದದ್ದನ್ನು ಅವರು ಕಂಡದ್ದು ಈ ವಾರವೇ. ಹಾಸಿಗೆ ಸರಿಮಾಡುತ್ತಿದ್ದಾಗ ಒಬ್ಬ ಅತಿಥಿ ಅವಳ ಮುಂಗೈ ಹಿಡಿದುಕೊಂಡಿದ್ದ. ಹೊರಗೆ ಯಾರದೋ ಹೆಜ್ಜೆ ಸಪ್ಪಳ ಕೇಳುವವರೆಗೂ ಬಿಟ್ಟಿರಲಿಲ್ಲ. ದೂರು ಹೇಳಿದಾಗ ಮ್ಯಾನೇಜರು, ಅವರು ದೊಡ್ಡ ಕುಳ, ತಿಂಗಳುಗಟ್ಟಲೆ ಇಲ್ಲೇ ತಂಗುವವರು, ಹೋಗಲಿ ಬಿಡು ಎಂದು ಸಮಾಧಾನ ಹೇಳಿ, ಅವಳನ್ನೇ ನೆಲಮಾಳಿಗೆಗೆ, ಹೊದಿಕೆ ಮಡಚುವ ಕೆಲಸಕ್ಕೆ ಇಳಿಸಿದ್ದರು. ಆತ ಅದೇ ರೂಮಿನಲ್ಲಿ ಹಾಯಾಗಿದ್ದ.

ಸರದಿ ಬಂದಾಗ ಅವಳು ಎದ್ದು ನಿಂತಳು. "ಸಾರ್, ಯಾರಾದ್ರೂ ಕೈ ಹಿಡ್ಕೊಂಡಿದ್ರೆ 'ಲೀವ್ ಮೈ ಹ್ಯಾಂಡ್' ಅನ್ನಬಹುದಾ?"

ಮೇಷ್ಟ್ರಿಗೆ ಹುರುಪು ಬಂತು. ಎಲ್ಲರೂ ಎಡವುವ ಜಾಗವೇ ಇದು ಎಂದರು. ನಮ್ಮ ಮಾತಿನಲ್ಲಿ ಊರು ಬಿಡುವುದಕ್ಕೂ ಹಿಡಿದ ಕೈ ಬಿಡುವುದಕ್ಕೂ ಒಂದೇ ಕ್ರಿಯಾಪದ, ಇಂಗ್ಲಿಷಿನಲ್ಲಿ ಹಾಗಲ್ಲ. ಕೈ ಬಿಡು ಎನ್ನಲು 'ಲೆಟ್ ಗೋ' ಎನ್ನಬೇಕು, 'ಲೀವ್' ಎಂದರೆ ತಪ್ಪು ಎಂದು ಬಿಡಿಸಿ ಹೇಳಿದರು.

"ತಪ್ಪಾ?" ಅವಳು ಬೋರ್ಡಿನ ಕಡೆ ಕೈ ತೋರಿಸಿದಳು. "ನಾಲ್ಕನೇ ಮಹಡೀಲಿ ನಾನು ಅದನ್ನೇ ಹೇಳಿದ್ದು ಸಾರ್. ಮತ್ತೆ ಮತ್ತೆ ಹೇಳ್ದೆ. ಆತ ನಗ್ತಾ ಇದ್ದ. ನನ್ನ ಇಂಗ್ಲಿಷ್ ತಪ್ಪಾಗಿತ್ತು ಅಂತ ಕೈ ಬಿಡಲಿಲ್ವಾ?"

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. "ಇಲ್ಲಮ್ಮ," ಎಂದರು ಮೆಲ್ಲಗೆ. "ಅವನಿಗೆ ಅರ್ಥ ಆಗಿರುತ್ತೆ. ಅದನ್ನ ಯಾವ ಭಾಷೇಲಿ ಹೇಳಿದ್ರೂ ಅರ್ಥ ಆಗುತ್ತೆ."

ಮ್ಯಾನೇಜರು ಎದ್ದರು. ಪಾಠದಲ್ಲಿ ಪಾಠ ಮಾತ್ರ ಇರಲಿ, ಮುಗಿದದ್ದನ್ನು ಕೆದಕುವುದು ಬೇಡ, ಅಷ್ಟು ಕಷ್ಟವಾದರೆ ಕೆಲಸ ಬಿಡಬಹುದು, ಯಾರೂ ಕಟ್ಟಿಹಾಕಿಲ್ಲ ಎಂದರು.

"ನಾನ್ಯಾಕೆ ಬಿಡ್ಲಿ ಸಾರ್? ಕೈ ಹಿಡಿದೋನು ರೂಮು ಬಿಡ್ಲಿ."

ಹಾಗೆಂದವಳು ಅಲ್ಲಿ ನಿಲ್ಲಲಿಲ್ಲ. ಕೆಲಸದವರು ಹತ್ತಬಾರದೆಂದು ಬರೆದಿದ್ದ ಲಿಫ್ಟನ್ನೇ ಹತ್ತಿದಳು. ಇಸ್ತ್ರಿ ಅಕ್ಕ ಹಿಂದೆಯೇ ಹೊರಟಳು. ನಮ್ಮ ಇಂಗ್ಲಿಷು ಅಲ್ಲಿ ಸಾಲದು, ನೀವೂ ಬನ್ನಿ ಎಂದು ಮೇಷ್ಟ್ರನ್ನೂ ಹೊರಡಿಸಿದಳು. ಮ್ಯಾನೇಜರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ತಲುಪುವಷ್ಟರಲ್ಲಿ ಆ ರೂಮಿನ ಬಾಗಿಲು ತೆರೆದಿತ್ತು.

ಅತಿಥಿ ಹೊಸ್ತಿಲಲ್ಲಿ ನಿಂತು, ಏನಿದೆಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅಕ್ಕಪಕ್ಕದ ಬಾಗಿಲುಗಳೂ ಒಂದೊಂದಾಗಿ ತೆರೆದವು. ಮಾತಿನಮಲ್ಲಿ ಗೋಡೆಗೆ ಒಂದು ಕೈ ಕೊಟ್ಟು, ದನಿ ಏರಿಸದೆ, ತನ್ನ ಭಾಷೆಯಲ್ಲೇ ಹೇಳತೊಡಗಿದಳು. ಯಾವ ದಿನ, ಯಾವ ಕೈ, ತಾನು ಏನೆಂದೆ, ಆತ ಹೇಗೆ ನಕ್ಕ, ಎಲ್ಲವನ್ನೂ. ಇಂದೇ ರೂಮು ಖಾಲಿ ಮಾಡಬೇಕು, ಇಲ್ಲವಾದರೆ ಇದೇ ಮಾತನ್ನು ಪೊಲೀಸರ ಮುಂದೆ ಹೇಳುತ್ತೇನೆ ಎಂದು ಮುಗಿಸಿದಳು.

ಅತಿಥಿ ಮೇಷ್ಟ್ರ ಮುಖ ನೋಡಿದ. ಮೆಟ್ಟಿಲ ಬಳಿಯಿಂದ ಮ್ಯಾನೇಜರು ಬೇಡ ಬೇಡವೆಂದು ಕೈಯಾಡಿಸುತ್ತಿದ್ದರು. ಮೇಷ್ಟ್ರು ಅತ್ತ ಒಮ್ಮೆ ನೋಡಿದರು. ಆಮೇಲೆ ಅವಳು ಹೇಳಿದ್ದನ್ನೆಲ್ಲ, ಒಂದಕ್ಷರವನ್ನೂ ಬಿಡದೆ, ಅಕ್ಕಪಕ್ಕದವರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದರು.

ಸಂಜೆಯೊಳಗೆ ಆತ ಪೆಟ್ಟಿಗೆ ಎಳೆದುಕೊಂಡು ಇಳಿದುಹೋದ. ಮೇಷ್ಟ್ರಿಗೆ ನಾಳೆಯಿಂದ ಬರಬೇಡಿ ಎಂದಾಯಿತು. ಮಾತಿನಮಲ್ಲಿಯ ವಿಚಾರವನ್ನು ಮಾಲೀಕರು ತೀರ್ಮಾನಿಸುತ್ತಾರೆ, ಅಲ್ಲಿಯವರೆಗೆ ನೆಲಮಾಳಿಗೆಯಲ್ಲೇ ಬಿದ್ದಿರು ಎಂದು ಮ್ಯಾನೇಜರು ಹೇಳುತ್ತಿದ್ದಂತೆಯೇ ಅವಳು ಗುಡಿಸುವ ಸಾಮಾನಿನ ಗಾಡಿಯನ್ನು ಲಿಫ್ಟಿನೊಳಕ್ಕೆ ನೂಕಿದಳು.

"ಎಲ್ಲಿಗೆ?" ಎಂದರು ಅವರು.

"ನಾಲ್ಕನೇ ಮಹಡಿಗೆ ಸಾರ್. ರೂಮು ಖಾಲಿಯಾಗಿದೆ, ಕಿಟಕಿ ತೆಗೀಬೇಕು."